ಕೋಡ್ ನೋಡಿದರೆ ಅರ್ಥ ಆಗುತ್ತೆ, ಬರೆಯಲು ಕೂತರೆ ಕೈ ಓಡಲ್ಲ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಬಿ.ಕಾಂ. ಮುಗಿಸಿ ಎರಡು ವರ್ಷ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಟ್ಯಾಲಿ, ಎಕ್ಸೆಲ್ ಚೆನ್ನಾಗಿ ಬರುತ್ತೆ. ಈಗ ಬೆಂಗಳೂರಿನಲ್ಲಿ ಎಂ.ಬಿ.ಎ. ಮೊದಲ ಸೆಮಿಸ್ಟರ್, ಬಿಸಿನೆಸ್ ಅನಲಿಟಿಕ್ಸ್. ಪೈಥಾನ್ (ಕೋಡ್ ಬರೆಯೋ ಒಂದು ಕಂಪ್ಯೂಟರ್ ಭಾಷೆ) ಪೇಪರ್‌ನ ಮೊದಲ ಇಂಟರ್ನಲ್‌ನಲ್ಲಿ 30ಕ್ಕೆ 9 ಬಂತು. ವಿಡಿಯೋ ನೋಡುವಾಗ ಎಲ್ಲಾ ಅರ್ಥ ಆಗುತ್ತೆ, ಖಾಲಿ ಸ್ಕ್ರೀನ್ ಮುಂದೆ ಕೂತರೆ ಒಂದು ಸಾಲೂ ಬರಲ್ಲ. ಅಸೈನ್‌ಮೆಂಟ್‌ಗಳನ್ನು ಚಾಟ್‌ಜಿಪಿಟಿಯಿಂದ ಮಾಡಿಸಿಕೊಂಡಿದ್ದೇನೆ, ಆದರೆ ಲ್ಯಾಬ್ ಪರೀಕ್ಷೆಯಲ್ಲಿ ಇಂಟರ್ನೆಟ್ ಇರಲ್ಲ. ಕ್ಲಾಸಿನಲ್ಲಿ ಅರ್ಧ ಜನ ಬಿ.ಇ. ಮಾಡಿದವರು. ಗಣಿತ ಬರದವರಿಗೆ ಇದು ಆಗಲ್ಲ, ಮೊದಲು ಸಿ ಅನ್ನೋ ಕೋಡ್ ಭಾಷೆ ಕಲಿಯಬೇಕು ಅಂತಾರೆ. ಎಕ್ಸೆಲ್‌ನಲ್ಲೇ ಆಗೋ ಕೆಲಸಕ್ಕೆ ಕೋಡ್ ಯಾಕೆ ಅಂತಾನೂ ಅನ್ನಿಸುತ್ತೆ. ಪರೀಕ್ಷೆಗೆ ಏಳು ವಾರ ಇದೆ. ಹೊರಗಡೆ ಒಂದು ಕೋಚಿಂಗ್‌ಗೆ 60,000 ಕೇಳುತ್ತಿದ್ದಾರೆ. ಸೇರಲಾ, ಅಥವಾ ವಿಷಯವನ್ನೇ ಬದಲಿಸಿ ಫೈನಾನ್ಸ್ ತಗೊಳ್ಳಲಾ? ನನ್ನ ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. 30ಕ್ಕೆ 9 ಅನ್ನೋದು ನನಗೆ ಅಷ್ಟು ದೊಡ್ಡ ವಿಷಯವಾಗಿ ಕಾಣಲಿಲ್ಲ. ಕಣ್ಣಿಗೆ ಬಿದ್ದದ್ದು ಇನ್ನೊಂದು ಸಾಲು: "ವಿಡಿಯೋ ನೋಡುವಾಗ ಎಲ್ಲಾ ಅರ್ಥ ಆಗುತ್ತೆ." ನಿಮ್ಮ ಕಷ್ಟ ಶುರುವಾಗಿರೋದು ಅಲ್ಲಿಂದಲೇ.

ಅಕೌಂಟೆನ್ಸಿ ಓದಿದವರಿಗೆ ಇದನ್ನು ಹೇಳೋದು ಸುಲಭ. ಪಿ.ಯು.ಸಿ.ಯಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಫೈನಲ್ ಅಕೌಂಟ್ಸ್ ಮಾಡುವಾಗ ಒಂದೊಂದು ಎಂಟ್ರಿಯೂ ಸರಿ ಅನ್ನಿಸುತ್ತಿತ್ತು, ಅಲ್ವಾ? ಮನೆಗೆ ಬಂದು ಅಂಥದ್ದೇ ಇನ್ನೊಂದು ಲೆಕ್ಕ ಹಾಕಿದರೆ ಬ್ಯಾಲೆನ್ಸ್ ಶೀಟ್ ಕೂಡುತ್ತಿರಲಿಲ್ಲ. ಬಾಕಿ ಇರೋ ಬಾಡಿಗೆ ಒಂದೇ ಕಡೆ ಬಿದ್ದಿರುತ್ತಿತ್ತು, ಇನ್ನೊಂದು ಕಡೆ ಮರೆತಿರುತ್ತಿದ್ದಿರಿ. ಆಗ "ನನಗೆ ಕಾಮರ್ಸ್ ತಲೆ ಇಲ್ಲ" ಅಂತ ಕಾಲೇಜು ಬಿಡಲಿಲ್ಲ. ಇನ್ನೂ ನಾಲ್ಕು ಲೆಕ್ಕ ಹಾಕಿದಿರಿ. ಕೋಡ್ ವಿಷಯದಲ್ಲಿ ಮಾತ್ರ ಆ ನಾಲ್ಕು ಲೆಕ್ಕ ಹಾಕೋ ಹಂತವನ್ನು ಬಿಟ್ಟಿದ್ದೀರಿ. ವಿಡಿಯೋ ಅದನ್ನು ಮರೆಸುತ್ತೆ, ಚಾಟ್‌ಜಿಪಿಟಿ ಇನ್ನೂ ಚೆನ್ನಾಗಿ ಮರೆಸುತ್ತೆ.

ನಾನೂ ಬಿ.ಕಾಂ. ಮಾಡಿದವಳೇ. ಅಕೌಂಟ್ಸ್ ವಿಭಾಗದಲ್ಲಿದ್ದು, ಮೂವತ್ತು ದಾಟಿದ ಮೇಲೆ ಕೋಡ್ ಕಲಿತೆ. ಈಗ ಹದಿನಾಲ್ಕು ವರ್ಷದಿಂದ ಡೇಟಾ ಕೆಲಸವೇ ಹೊಟ್ಟೆಪಾಡು, ಶನಿವಾರ ಒಂದಷ್ಟು ಜನರಿಗೆ ಕಲಿಸುತ್ತೇನೆ. ಹಾಗಾಗಿ ಮುಂದೆ ಹೇಳೋದರಲ್ಲಿ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಿ.

ಮೊದಲು ನಿಮಗೆ ಹೇಳಿರೋ ಮಾತುಗಳನ್ನು ನೋಡೋಣ.

ಗಣಿತ ಬರಬೇಕು ಅನ್ನೋದು ಅರ್ಧ ಸುಳ್ಳು. ಮೊದಲ ಸೆಮಿಸ್ಟರ್ ಪೈಥಾನ್‌ಗೆ ಬೇಕಾಗೋದು ಶೇಕಡಾ, ಸರಾಸರಿ, ಅನುಪಾತ. ಇವನ್ನು ನೀವು ಮಂಡಿಯಲ್ಲಿ ದಿನಾ ಮಾಡಿದ್ದೀರಿ. ಮುಂದೆ ಮಷೀನ್ ಲರ್ನಿಂಗ್ ಬಂದಾಗ ಸಂಖ್ಯಾಶಾಸ್ತ್ರ ಖಂಡಿತ ಬೇಕು, ಅದು ಬೇರೆ ಮಾತು. 2020ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪೈಥಾನ್ ಹೊಸದಾಗಿ ಕಲಿಯುವವರನ್ನು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಯಾರು ಬೇಗ ಕಲಿಯುತ್ತಾರೆ ಅನ್ನೋದಕ್ಕೂ ಲೆಕ್ಕದ ಜಾಣತನಕ್ಕೂ ಇದ್ದ ನಂಟು ಕಮ್ಮಿ. ಹೊಸ ಭಾಷೆ ಕಲಿಯುವ ಸಾಮರ್ಥ್ಯದ ಜೊತೆಗಿನ ನಂಟೇ ಜಾಸ್ತಿ. ನೋಡಿದ್ದು 36 ಜನರನ್ನು ಮಾತ್ರ, ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೂ ಮನೆಯಲ್ಲಿ ಒಂದು ಭಾಷೆ, ಕಾಲೇಜಿನಲ್ಲಿ ಇನ್ನೊಂದು ಅಂತ ಬೆಳೆದವರು ಸುಮ್ನೆ ಹೆದರಬೇಕಾಗಿಲ್ಲ.

ಇಂಗ್ಲಿಷ್ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಕನ್ನಡ ಮಾಧ್ಯಮ ಅಂತ ಬರೆದಿದ್ದೀರಿ. ಪೈಥಾನ್ ತನಗೇ ಅಂತ ಕಾದಿರಿಸಿಕೊಂಡಿರೋ ಪದಗಳು 35. ಶುರುವಿನಲ್ಲಿ ದಿನಾ ಕೈಗೆ ಬರೋದು ಹದಿನೈದೂ ಇಲ್ಲ. ಉಳಿದ ಹೆಸರುಗಳನ್ನು ಇಡೋದು ನಾವೇ, ಅವನ್ನು ಕನ್ನಡದಲ್ಲೂ ಇಡಬಹುದು. ಈ ಕೆಳಗಿನ ಮೂರು ಸಾಲನ್ನು ಹೀಗೇ ಟೈಪ್ ಮಾಡಿ ನೋಡಿ, ಪೈಥಾನ್ 3 ತಕರಾರಿಲ್ಲದೆ ಓಡಿಸುತ್ತೆ:

ಬಾಕಿ = 5000
ಜಮಾ = 1200
ಬಾಕಿ = ಬಾಕಿ + ಜಮಾ

ಪರೀಕ್ಷೆಯಲ್ಲಿ ಹೀಗೆ ಬರೆಯಿರಿ ಅನ್ನುತ್ತಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಬರೆಯಿರಿ. ಯಾವುದು ಪೈಥಾನ್‌ನ ಪದ, ಯಾವುದು ನಾವು ಇಟ್ಟ ಹೆಸರು ಅನ್ನೋದು ಕಣ್ಣಿಗೆ ಬೇರೆಬೇರೆಯಾಗಿ ಕಾಣುತ್ತೆ. ಹೊಸಬರು ಹೆಚ್ಚು ಒದ್ದಾಡೋದು ಅಲ್ಲೇ.

ಮೂರನೇ ಸಾಲು ನೋಡಿ. ಗಣಿತದ ಕಣ್ಣಿಗೆ ಅದು ಅಸಂಬದ್ಧ. ಬಾಕಿಯೂ, ಬಾಕಿ ಮತ್ತು ಜಮಾ ಕೂಡಿದ್ದೂ ಒಂದೇ ಆಗೋದು ಹೇಗೆ? ಪಾಸ್‌ಬುಕ್ ನೋಡಿದವರಿಗೆ ಅದರಲ್ಲಿ ಆಶ್ಚರ್ಯ ಇಲ್ಲ. ಬಲಗಡೆ ಇರೋದು ಹಳೇ ಬಾಕಿ, ಎಡಗಡೆ ಇರೋದು ಹೊಸ ಬಾಕಿ. ಆ ಚಿಹ್ನೆಯನ್ನು "ಸಮ" ಅಂತ ಓದಬೇಡಿ, "ಇಲ್ಲಿಗೆ ಹಾಕು" ಅಂತ ಓದಿ. ಎಷ್ಟೋ ಮಕ್ಕಳು ಎರಡನೇ ವಾರದಲ್ಲಿ ಈ ಒಂದು ಚಿಹ್ನೆಗೆ ಎಡವಿ ಬಿದ್ದವರು ಐದನೇ ವಾರದವರೆಗೂ ಏಳೋದಿಲ್ಲ.

ಬಿ.ಇ. ಹುಡುಗರು ಮುಂದಿದ್ದಾರೆ ಅನ್ನೋದು ನಿಜ. ಅದನ್ನು ಸುಳ್ಳು ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಲ್ಲ. ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು), ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯೋ ಕೋಡ್ ತುಣುಕು) ಅವರಿಗೆ ಹಳೇ ನೆಂಟರು. ಆದರೆ ಆ ಅನುಕೂಲ ಒಂದು, ಒಂದೂವರೆ ತಿಂಗಳಿನದ್ದು. ವ್ಯಾಪಾರದ ಪ್ರಶ್ನೆ ಬಂದಾಗ ಏನಾಗುತ್ತೆ ಅಂತ ಮುಂದೆ ಹೇಳುತ್ತೇನೆ. ಸಿ ಮೊದಲು ಕಲಿಯಿರಿ ಅನ್ನೋದನ್ನು ಮಾತ್ರ ಮರೆತುಬಿಡಿ. ಏಳು ವಾರದಲ್ಲಿ ಸಿ ಭಾಷೆಯ ಪಾಯಿಂಟರ್ ಹಿಡಿದುಕೊಂಡು ಏನು ಮಾಡುತ್ತೀರಿ?

ಇನ್ನು ಎಕ್ಸೆಲ್ ಇರುವಾಗ ಕೋಡ್ ಯಾಕೆ ಅನ್ನೋದು. ಇದು ಒಳ್ಳೇ ಪ್ರಶ್ನೆ, ಕ್ಲಾಸಿನಲ್ಲೂ ಕೇಳಿ. ನೂರಿನ್ನೂರು ಸಾಲಿನ ಲೆಕ್ಕಕ್ಕೆ, ಒಂದೇ ಸಲ ಮಾಡೋ ಕೆಲಸಕ್ಕೆ ನಾನು ಈಗಲೂ ಎಕ್ಸೆಲ್ ತೆಗೆಯುತ್ತೇನೆ. ಆದರೆ ಎಕ್ಸೆಲ್ ಹಾಳೆಗೆ ಒಂದು ಮಿತಿ ಇದೆ: 10,48,576 ಸಾಲು. ಹಳೇ ಎಕ್ಸ್‌ಎಲ್‌ಎಸ್ ಫೈಲ್‌ಗೆ 65,536. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಲ್ಯಾಬ್‌ಗಳಿಂದ ಬಂದ ಮಾಹಿತಿಯನ್ನು ಹಳೇ ಮಾದರಿಯ ಫೈಲ್‌ಗೆ ತುಂಬಿದ್ದರು. ಹಾಳೆ ತುಂಬಿದ ಮೇಲೆ ಬಂದ ಸಾಲುಗಳು ಒಳಗೆ ಹೋಗಲೇ ಇಲ್ಲ. ಸಾಲುಗಳ ಮಿತಿಗಿಂತ ನನಗೆ ಮುಖ್ಯ ಅನ್ನಿಸೋದು ಇನ್ನೊಂದು. ಎಕ್ಸೆಲ್‌ನಲ್ಲಿ ನೀವು ಏನೇನು ಮಾಡಿದಿರಿ ಅನ್ನೋದು ಆಮೇಲೆ ಯಾರಿಗೂ ಕಾಣಲ್ಲ. ಯಾವ ಸಾಲು ಅಳಿಸಿದಿರಿ, ಯಾವ ಕಾಲಂ ವಿಂಗಡಿಸಿದಿರಿ, ಎಲ್ಲಿ ಕೈಯಾರೆ ತಿದ್ದಿದಿರಿ, ಯಾವುದರ ದಾಖಲೆಯೂ ಇಲ್ಲ. ಕೋಡ್‌ನಲ್ಲಿ ಪ್ರತಿ ಹೆಜ್ಜೆಯೂ ಬರವಣಿಗೆಯಲ್ಲಿ ಇರುತ್ತೆ. ಅದು ಡೇ ಬುಕ್ ಇದ್ದ ಹಾಗೆ. ಮುಂದಿನ ತಿಂಗಳ ಫೈಲ್ ಕೊಟ್ಟರೆ ಅದೇ ಕೆಲಸ ಎರಡು ನಿಮಿಷದಲ್ಲಿ ಮತ್ತೆ ಆಗುತ್ತೆ.

ನಿಮಗೆ ಇಷ್ಟವಾಗಬಹುದಾದ ಒಂದು ಸಂಗತಿ ಹೇಳುತ್ತೇನೆ. ನಿಮ್ಮ ಸಿಲಬಸ್‌ನಲ್ಲಿ ಪೈಥಾನ್‌ಗೆ ಜೋಡಿಸಿಕೊಂಡು ಕೋಷ್ಟಕ ನಿಭಾಯಿಸೋ ಪಾಂಡಾಸ್ ಅಂತ ಬರುತ್ತಲ್ಲ, ಅದನ್ನು ವೆಸ್ ಮೆಕಿನ್ನಿ ಅನ್ನುವವರು 2008ರಲ್ಲಿ ಬರೆಯಲು ಶುರು ಮಾಡಿದ್ದು ಅಮೆರಿಕದ ಒಂದು ಹೂಡಿಕೆ ಸಂಸ್ಥೆಯಲ್ಲಿ ಕೂತು. ಹಣಕಾಸಿನ ಕೋಷ್ಟಕಗಳ ಜೊತೆ ಒದ್ದಾಡಿ ಸಾಕಾಗಿ ಮಾಡಿಕೊಂಡ ಉಪಕರಣ ಅದು. ಹೆಸರು ಕೂಡ ಆ ಕರಡಿಯದ್ದಲ್ಲ, ಅರ್ಥಶಾಸ್ತ್ರದವರು ಬಳಸೋ ಪ್ಯಾನೆಲ್ ಡೇಟಾ ಅನ್ನೋ ಮಾತಿನಿಂದ ಬಂದದ್ದು. ಅಂದರೆ ಇದು ನಿಮ್ಮ ಕೇರಿಯದ್ದೇ ವಸ್ತು. ಸಮ್‌ಇಫ್, ಪಿವಟ್ ಟೇಬಲ್ ಬಂದರೆ ಗ್ರೂಪ್‌ಬೈ (ಗುಂಪುವಾರು ಲೆಕ್ಕ) ನಿಮಗೆ ಗೊತ್ತಿದೆ, ಹೆಸರು ಮಾತ್ರ ಹೊಸದು. ವಿಲುಕಪ್ ಬಂದರೆ ಮರ್ಜ್ (ಎರಡು ಪಟ್ಟಿ ಜೋಡಿಸೋದು) ಮುಕ್ಕಾಲು ಗೊತ್ತಿದೆ. ಉಳಿದ ಕಾಲು ಭಾಗದಲ್ಲಿ ನನ್ನ ಮಾನ ಹೋಗಿತ್ತು, ಅದನ್ನೂ ಹೇಳುತ್ತೇನೆ.

ಹಾಗಾದರೆ ಕೈ ಯಾಕೆ ಓಡುತ್ತಿಲ್ಲ?

ತಪ್ಪು ಪೂರ್ತಿ ನಿಮ್ಮದಲ್ಲ. ಎಷ್ಟೋ ಕಾಲೇಜುಗಳಲ್ಲಿ ಈ ಪೇಪರನ್ನು ಎಂಜಿನಿಯರಿಂಗ್ ಸಿಲಬಸ್‌ನಿಂದ ಎತ್ತಿ ಇಟ್ಟಿರುತ್ತಾರೆ. ನಾಲ್ಕು ವಾರ ನಕ್ಷತ್ರದ ತ್ರಿಕೋನ (ಸ್ಕ್ರೀನ್ ಮೇಲೆ * ಚಿಹ್ನೆಗಳಿಂದ ತ್ರಿಕೋನ ಬರೆಸೋದು), ಅವಿಭಾಜ್ಯ ಸಂಖ್ಯೆ, ಫಿಬೊನಾಚ್ಚಿ. ಐದನೇ ವಾರ ದಿಢೀರ್ ಅಂತ ಪಾಂಡಾಸ್. ಮೊದಲನೆಯದು ಯಾಕೆ ಅಂತ ಗೊತ್ತಾಗಲ್ಲ, ಎರಡನೆಯದು ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ನಕ್ಷತ್ರದ ತ್ರಿಕೋನಕ್ಕೆ ಅಂಕ ಇದೆ, ಹಾಗಾಗಿ ಕಲಿತುಕೊಳ್ಳಿ. ಅದರ ಮೇಲೆ ಇನ್ನು ಜಾಸ್ತಿ ಮಾತು ಬೇಡ.

ನಿಮ್ಮ ಕಡೆಯ ಕಾರಣ ಒಂದಿದೆ. ನೀವು ಕೋಡ್ ಓಡಿಸಿ ಏನು ಬರುತ್ತೋ ನೋಡುತ್ತಿದ್ದೀರಿ. ಓಡಿಸೋ ಮೊದಲು ಏನು ಬರಬೇಕು ಅಂತ ಬರೆದುಕೊಳ್ಳುತ್ತಿಲ್ಲ. ಮಂಡಿಯಲ್ಲಿ ನೀವು ಹಾಗೆ ಮಾಡುತ್ತಿರಲಿಲ್ಲ. ಸಂಜೆ ಗಲ್ಲಾಪೆಟ್ಟಿಗೆ ಎಣಿಸೋ ಮೊದಲೇ ಪುಸ್ತಕದಲ್ಲಿ ಎಷ್ಟಿರಬೇಕು ಅಂತ ಇರುತ್ತಿತ್ತು. ಎರಡನ್ನೂ ತಾಳೆ ನೋಡುತ್ತಿದ್ದಿರಿ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಹುಡುಕುತ್ತಿದ್ದಿರಿ. ಈ ತಾಳೆ ನೋಡೋ ಅಭ್ಯಾಸವನ್ನು ಕಂಪ್ಯೂಟರ್ ಮುಂದೆ ಕೂತ ತಕ್ಷಣ ಎಲ್ಲರೂ ಯಾಕೆ ಬಿಟ್ಟುಬಿಡುತ್ತಾರೋ ನನಗೆ ಇವತ್ತಿಗೂ ಸೋಜಿಗ. ಮೆಷಿನ್ ಹೇಳಿದೆ ಅಂದಮೇಲೆ ಸರಿ ಇರುತ್ತೆ ಅನ್ನೋ ಭಾವನೆ ಇರಬೇಕು.

ಅದಕ್ಕೇ ನನ್ನ ಮೊದಲ ಔಷಧಿ ಇದು. ದೊಡ್ಡ ಡೇಟಾ ಫೈಲ್ ಮುಚ್ಚಿಡಿ. ಹನ್ನೆರಡು ಸಾಲಿನ ಒಂದು ಕೋಷ್ಟಕವನ್ನು ನೀವೇ ಬರೆಯಿರಿ. ದಿನಾಂಕ, ಅಡಿಕೆಯ ಬಗೆ, ತೂಕ, ದರ. ರಾಶಿ, ಬೆಟ್ಟೆ, ಗೊರಬಲು, ಸರಕು ನಿಮಗೆ ಗೊತ್ತೇ ಇದೆ. ಮೊದಲು ಕ್ಯಾಲ್ಕುಲೇಟರ್ ಹಿಡಿದು ರಾಶಿಯ ಒಟ್ಟು ಮೊತ್ತ ಎಷ್ಟು ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಕೋಡ್ ಬರೆಯಿರಿ. ಉತ್ತರ ತಾಳೆಯಾದರೆ ಮುಂದಿನದು. ಆಗದಿದ್ದರೆ ಅವತ್ತಿನ ಪಾಠ ಅದೇ.

ಮೊದಲ ದಿನವೇ ತಾಳೆ ಆಗಲ್ಲ, ಹೇಳಿಬಿಡುತ್ತೇನೆ. ದರವನ್ನು ನಾವು 52,000 ಅಂತ ಕಾಮಾ ಹಾಕಿ ಬರೆಯುತ್ತೇವಲ್ಲ, ಫೈಲ್‌ನಿಂದ ಓದುವಾಗ ಪೈಥಾನ್ ಅದನ್ನು ಸಂಖ್ಯೆ ಅಂತ ತಿಳಿಯೋದಿಲ್ಲ, ಅಕ್ಷರ ಅಂತ ತಿಳಿಯುತ್ತೆ. 52,000 ಮತ್ತು 48,500 ಕೂಡಿಸು ಅಂದರೆ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿ 52,00048,500 ಅಂತ ಕೊಡುತ್ತೆ. ಎರರ್ ಕೂಡ ಬರಲ್ಲ. ಅಡಿಕೆಯ ಎಚ್‌ಎಸ್‌ಎನ್ ಕೋಡ್ (ಜಿ.ಎಸ್.ಟಿ. ಬಿಲ್‌ನಲ್ಲಿ ಹಾಕೋ ವಸ್ತುವಿನ ಸಂಖ್ಯೆ) 0802 ಅಂತ ಇದ್ದರೆ ಪಾಂಡಾಸ್ ಮುಂದಿನ ಸೊನ್ನೆ ನುಂಗಿ 802 ಮಾಡಿಕೊಳ್ಳುತ್ತೆ. 03/04/2024 ಅನ್ನೋದು ನಮಗೆ ಏಪ್ರಿಲ್ 3, ಬಿಡಿಸಿ ಹೇಳದಿದ್ದರೆ ಅದು ಮಾರ್ಚ್ 4 ಅಂತ ಓದುತ್ತೆ. ಒಂದು ಸಾಲಿನಲ್ಲಿ "ರಾಶಿ" ಆದ ಮೇಲೆ ಒಂದು ಖಾಲಿ ಜಾಗ ಬಿಟ್ಟಿದ್ದರೆ ಅದನ್ನು ಬೇರೆಯೇ ಬಗೆ ಅಂತ ಎಣಿಸುತ್ತೆ. ಹನ್ನೆರಡು ಸಾಲಿನಲ್ಲಿ ಇದೆಲ್ಲ ಕಣ್ಣಿಗೆ ಕಾಣುತ್ತೆ, ಹನ್ನೆರಡು ಸಾವಿರದಲ್ಲಿ ಕಾಣಲ್ಲ.

ಟ್ಯಾಲಿಯಿಂದ ತೆಗೆದ ಫೈಲ್ ಬಳಸುವಾಗ ಇನ್ನೊಂದು ಎಚ್ಚರ. ಮೇಲಿನ ನಾಲ್ಕೈದು ಸಾಲಿನಲ್ಲಿ ಅಂಗಡಿಯ ಹೆಸರು, ವಿಳಾಸ ಇರುತ್ತೆ, ಅದನ್ನು ಹಾರಿಸಿ ಓದಬೇಕು. ಬಾಕಿಯ ಪಕ್ಕದ ಡೆಬಿಟ್, ಕ್ರೆಡಿಟ್ ಗುರುತು ಎಷ್ಟೋ ಸಲ ಬರೀ ಮೇಲುನೋಟದ ಫಾರ್ಮ್ಯಾಟ್ ಆಗಿರುತ್ತೆ. ಎಕ್ಸೆಲ್‌ನಲ್ಲಿ ಕಾಣುತ್ತೆ, ಪಾಂಡಾಸ್‌ಗೆ ಬಂದಾಗ ಮಾಯ. ಕೊಡಬೇಕಾದ್ದೂ ಬರಬೇಕಾದ್ದೂ ಒಂದೇ ಗುಂಪಿನಲ್ಲಿ ಕೂಡಿಹೋಗುತ್ತೆ. ಲೆಕ್ಕ ಬರೆದವರಿಗೆ ಇದನ್ನು ನೋಡಿದರೆ ಎದೆ ಧಸಕ್ ಅನ್ನುತ್ತೆ. ಬೇರೆಯವರು ಗ್ರಾಫ್ ಹಾಕಿ ಬಣ್ಣ ತುಂಬುತ್ತಾ ಕೂತಿರುತ್ತಾರೆ.

ಈಗ ನನ್ನ ಮಾನ ಹೋದ ಕಥೆ. ಡೇಟಾ ಕೆಲಸಕ್ಕೆ ಸೇರಿದ ಹೊಸತು. ಮಾರಾಟದ ಬಿಲ್‌ಗಳ ಪಟ್ಟಿಗೆ ಗ್ರಾಹಕರ ಪಟ್ಟಿ ಜೋಡಿಸಿ, ಊರುವಾರು ಮಾರಾಟ ತೆಗೆದುಕೊಟ್ಟೆ. ವಿಲುಕಪ್ ಇದ್ದ ಹಾಗೇ ಅಲ್ವಾ ಅಂದುಕೊಂಡು ಮರ್ಜ್ ಬಳಸಿದ್ದೆ. ಸಭೆಯಲ್ಲಿ ಹಿರಿಯರೊಬ್ಬರು ಸ್ಲೈಡ್ ನೋಡಿ, "ಏನಮ್ಮಾ, ನಾವು ಇಷ್ಟು ಮಾಲು ತಯಾರಿಸಿಯೇ ಇಲ್ಲವಲ್ಲ" ಅಂದರು. ಎಲ್ಲರೂ ನಕ್ಕರು. ನಾನು ಊಟಕ್ಕೆ ಹೋಗದೆ ಹುಡುಕಿದೆ.

ಆದದ್ದು ಇಷ್ಟೇ, ಸಣ್ಣದಾಗಿ ಮಾಡಿ ತೋರಿಸುತ್ತೇನೆ. ಮೂರು ಬಿಲ್ ಇವೆ ಅಂದುಕೊಳ್ಳಿ: 10,000, 15,000, 25,000. ಒಟ್ಟು 50,000. ಮೊದಲನೆಯದೂ ಮೂರನೆಯದೂ ಗ್ರಾಹಕ ಸಂಖ್ಯೆ 101ರದ್ದು. ಗ್ರಾಹಕರ ಪಟ್ಟಿಯಲ್ಲಿ 101 ಎರಡು ಸಲ ಇದೆ, ಹಳೇ ಫೋನ್ ನಂಬರಿನ ಜೊತೆ ಒಂದು, ಹೊಸದರ ಜೊತೆ ಇನ್ನೊಂದು. ವಿಲುಕಪ್ ಮೊದಲು ಸಿಕ್ಕಿದ್ದನ್ನು ತಂದು ಸುಮ್ಮನಾಗುತ್ತೆ, ಒಟ್ಟು 50,000 ಹಾಗೇ ಇರುತ್ತೆ. ಮರ್ಜ್ ಹಾಗಲ್ಲ, ಹೊಂದುವ ಪ್ರತಿಯೊಂದನ್ನೂ ತರುತ್ತೆ. 10,000 ಎರಡು ಸಾಲಾಯಿತು, 25,000 ಎರಡು ಸಾಲಾಯಿತು. ಮೂರು ಸಾಲು ಇದ್ದದ್ದು ಐದಾಯಿತು, ಒಟ್ಟು 85,000. ಕಂಪ್ಯೂಟರ್ ತಪ್ಪು ಮಾಡಲಿಲ್ಲ, ಹೇಳಿದ್ದನ್ನೇ ಮಾಡಿತು. ನಾನು ಜೋಡಿಸೋ ಮೊದಲು ಎಷ್ಟು ಸಾಲಿತ್ತು, ಆಮೇಲೆ ಎಷ್ಟಾಯಿತು ಅಂತ ತಾಳೆ ನೋಡಲಿಲ್ಲ. ಮರ್ಜ್‌ಗೆ ವ್ಯಾಲಿಡೇಟ್ ಅನ್ನೋ ಒಂದು ಸೂಚನೆ ಕೊಡಬಹುದು. ಹೀಗೆ ಎರಡೆರಡು ಸಲ ಇದ್ದರೆ ಅಲ್ಲೇ ನಿಲ್ಲಿಸುತ್ತೆ. ನನಗೆ ಅದು ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಬಿ.ಇ. ಹುಡುಗರ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ರಾಜ್ಯದ ಎ.ಪಿ.ಎಂ.ಸಿ.ಗಳ ದಿನದ ಆವಕ (ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ ದರಗಳು ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸಿಗುತ್ತವೆ. ನಾನು ಕಲಿಸುವಾಗ ಅಡಿಕೆ ದರದ ಸರಾಸರಿ ತೆಗೆಯಿರಿ ಅಂತ ಕೊಡುತ್ತೇನೆ. ಕೋಡ್ ಬಲ್ಲ ಹುಡುಗರು ಒಂದೇ ಸಾಲಿನಲ್ಲಿ ತೆಗೆದು ಕೈ ಕಟ್ಟಿ ಕೂರುತ್ತಾರೆ. ಒಂದು ದಿನ 2 ಕ್ವಿಂಟಲ್ ಬಂದು 40,000ಕ್ಕೆ ಹೋಗಿದೆ, ಮಾರನೇ ದಿನ 98 ಕ್ವಿಂಟಲ್ ಬಂದು 50,000ಕ್ಕೆ ಹೋಗಿದೆ ಅಂತಿಟ್ಟುಕೊಳ್ಳಿ. ಅವರ ಸರಾಸರಿ 45,000. ಆದರೆ ಮಾರುಕಟ್ಟೆಯಲ್ಲಿ ಕೈ ಬದಲಾದ ಹಣವನ್ನು ತೂಕದಿಂದ ಭಾಗಿಸಿದರೆ 49,800. ಕ್ವಿಂಟಲ್‌ಗೆ 4,800 ವ್ಯತ್ಯಾಸ! ಕೆಲವರು ರಾಶಿಯನ್ನೂ ಸರಕನ್ನೂ ಒಟ್ಟಿಗೇ ಹಾಕಿ ಸರಾಸರಿ ತೆಗೆದಿರುತ್ತಾರೆ. ಅದನ್ನು ಮಂಡಿಯಲ್ಲಿ ಯಾರಿಗಾದರೂ ತೋರಿಸಿದರೆ ಚಹಾ ಕೊಟ್ಟು ಮನೆಗೆ ಕಳಿಸುತ್ತಾರೆ. ನಿಮಗೆ ಈ ತಪ್ಪು ಕಣ್ಣಿಗೆ ಹೊಡೆಯುತ್ತೆ. ಕ್ಲಾಸಿನಲ್ಲಿ ಅಂಥ ಒಬ್ಬ ಬಿ.ಇ. ಗೆಳೆಯನನ್ನೋ ಗೆಳತಿಯನ್ನೋ ಹುಡುಕಿಕೊಳ್ಳಿ. ಅವರು ನಿಮಗೆ ಲೂಪ್ ಹೇಳಿಕೊಡಲಿ, ನೀವು ಅವರಿಗೆ ಆವಕ ಅಂದರೆ ಏನು ಅಂತ ಹೇಳಿಕೊಡಿ. ಒಂದೇ ಷರತ್ತು, ಕೀಬೋರ್ಡ್ ನಿಮ್ಮ ಕೈಯಲ್ಲೇ ಇರಬೇಕು.

ಈಗ ಏಳು ವಾರದ ಮಾತು. ದಿನಕ್ಕೆ ನಲವತ್ತೈದು ನಿಮಿಷ ಸಾಕು, ಆದರೆ ದಿನಾ ಬೇಕು. ಭಾನುವಾರ ಐದು ಗಂಟೆ ಕೂರ್ತೀನಿ ಅನ್ನೋದು ನಡೆಯಲ್ಲ. ಮೊದಲ ಎರಡು ವಾರ ಪಾಂಡಾಸ್ ಮುಟ್ಟಬೇಡಿ. ಲಿಸ್ಟ್ (ಪಟ್ಟಿ), ಡಿಕ್ಷನರಿ (ಹೆಸರಿಗೊಂದು ಬೆಲೆ ಇಡೋ ಪಟ್ಟಿ), ಇಫ್ (ಷರತ್ತು), ಫಾರ್ (ಲೂಪ್), ಸಣ್ಣ ಫಂಕ್ಷನ್, ಇಷ್ಟೇ. ಪ್ರತಿದಿನ ಶುರುವಿನಲ್ಲಿ ಖಾಲಿ ಫೈಲ್ ತೆಗೆದು ನಿನ್ನೆ ಬರೆದದ್ದನ್ನು ನೋಡದೆ ಮತ್ತೆ ಬರೆಯಿರಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಖಾಲಿ ಸ್ಕ್ರೀನ್ ಭಯಕ್ಕೆ ನನಗೆ ಗೊತ್ತಿರೋ ಮದ್ದು ಇದೊಂದೇ. ಆಮೇಲಿನ ಮೂರು ವಾರ ಪಾಂಡಾಸ್: ಫೈಲ್ ಓದೋದು, ಬೇಕಾದ ಸಾಲು ಆರಿಸೋದು, ಹೊಸ ಕಾಲಂ ಮಾಡೋದು, ಗ್ರೂಪ್‌ಬೈ, ಮರ್ಜ್. ಕೊನೇ ಎರಡು ವಾರ ಹಳೇ ಪ್ರಶ್ನೆಪತ್ರಿಕೆ, ಇಂಟರ್ನೆಟ್ ಆಫ್ ಮಾಡಿ, ಗಡಿಯಾರ ಇಟ್ಟುಕೊಂಡು. ಥಿಯರಿ ಪೇಪರ್‌ನಲ್ಲಿ ಕೋಡ್ ಕೇಳುವುದಾದರೆ ಪೆನ್ನು ಹಿಡಿದು ಕಾಗದದ ಮೇಲೂ ಬರೆಯಿರಿ. ಸ್ಕ್ರೀನ್ ತಾನಾಗೇ ತುಂಬಿಕೊಡುತ್ತಿದ್ದ ಬ್ರಾಕೆಟ್‌ಗಳು ಕಾಗದದ ಮೇಲೆ ಮರೆತುಹೋಗುತ್ತವೆ.

ಎರರ್ ಬಂದಾಗ ಕೆಂಪು ಅಕ್ಷರದ ಗೋಡೆಯನ್ನು ಮೇಲಿಂದ ಓದಬೇಡಿ. ಮೊದಲು ಕೊನೇ ಸಾಲು ಓದಿ, ಏನಾಯಿತು ಅಂತ ಅಲ್ಲಿರುತ್ತೆ. ಆಮೇಲೆ ಸ್ವಲ್ಪ ಮೇಲೆ ಹೋಗಿ ನಿಮ್ಮದೇ ಕೋಡ್‌ನ ಯಾವ ಸಾಲು ಅಂತ ನೋಡಿ. ನೇಮ್‌ಎರರ್ ಬಂದರೆ ಹೆಸರಿನ ಕಾಗುಣಿತ ತಪ್ಪಿದೆ, ಇಲ್ಲವೇ ಆ ಹೆಸರು ಹುಟ್ಟಿದ ಸಾಲನ್ನು ನೀವು ಓಡಿಸಿಯೇ ಇಲ್ಲ. ಪಾಂಡಾಸ್‌ನಲ್ಲಿ ಕೀಎರರ್ ಬಂದರೆ ಬಹಳ ಸಲ ಕಾಲಂ ಹೆಸರಿನ ತಪ್ಪು. ಒಂದು ನೋಟ್‌ಬುಕ್ ಇಟ್ಟು ಬಂದ ಎರರ್, ಸರಿಹೋದ ಬಗೆ ಎರಡನ್ನೂ ಬರೆಯಿರಿ. ಮೂರು ವಾರ ಕಳೆದರೆ ಅವೇ ಏಳೆಂಟು ತಿರುಗಿ ತಿರುಗಿ ಬರುತ್ತಿವೆ ಅಂತ ಗೊತ್ತಾಗುತ್ತೆ.

ಕಂಪ್ಯೂಟರ್‌ನ ನೋಟ್‌ಬುಕ್, ಅಂದರೆ ಕೋಡ್ ಬರೆದು ಓಡಿಸೋ ಜುಪಿಟರ್, ಒಂದು ಮೋಸ ಮಾಡುತ್ತೆ. ತುಂಡು ತುಂಡಾಗಿ ಕೋಡ್ ಓಡಿಸಬಹುದು, ಮೇಲಿನದನ್ನು ಅಳಿಸಿದರೂ ಅದರ ನೆನಪು ಒಳಗೆ ಉಳಿದಿರುತ್ತೆ. ನಿಮ್ಮ ಮುಂದೆ ಓಡಿದ ಕೋಡ್ ಲ್ಯಾಬ್‌ನಲ್ಲಿ ಮೇಷ್ಟ್ರ ಮುಂದೆ ಓಡಲ್ಲ. ಒಪ್ಪಿಸೋ ಮೊದಲು ರೀಸ್ಟಾರ್ಟ್ ಮಾಡಿ ಮೊದಲಿಂದ ಕೊನೆವರೆಗೆ ಒಂದು ಸಲ ಓಡಿಸಿ.

ಚಾಟ್‌ಜಿಪಿಟಿ ಬಿಡಿ ಅನ್ನಲ್ಲ. ನಾನೂ ಬಳಸುತ್ತೇನೆ, ಕೆಲಸಕ್ಕೆ ಸೇರಿದ ಮೇಲೆ ನೀವೂ ಬಳಸುತ್ತೀರಿ. ಆದರೆ ಈ ಏಳು ವಾರ ಅದರಿಂದ ಉತ್ತರ ಕೇಳಬೇಡಿ. ನೀವು ಬರೆದ ಕೋಡ್ ಕೊಟ್ಟು "ಈ ಎರರ್‌ನ ಅರ್ಥ ಹೇಳು, ಸರಿ ಮಾಡಿಕೊಡಬೇಡ" ಅನ್ನಿ. ಅಭ್ಯಾಸಕ್ಕೆ ಪ್ರಶ್ನೆ ಮಾಡಿಕೊಡು ಅನ್ನಿ. ಕನ್ನಡದಲ್ಲೇ ಕೇಳಿ, ಹೇಳುತ್ತೆ. ಅಪಾಯ ಇರೋದು ಓಡದ ಕೋಡ್‌ನಲ್ಲಿ ಅಲ್ಲ, ಚೆನ್ನಾಗಿ ಓಡೋ ಕೋಡ್‌ನಲ್ಲಿ. ನನ್ನ ವಿದ್ಯಾರ್ಥಿಯೊಬ್ಬನಿಗೆ ಅದು ಬರೆದುಕೊಟ್ಟ ಕೋಡ್‌ನಲ್ಲಿ ಕೋಷ್ಟಕದಲ್ಲಿ ಯಾವುದಾದರೂ ಖಾನೆ ಖಾಲಿ ಇರೋ ಸಾಲುಗಳನ್ನೆಲ್ಲ ಕಿತ್ತುಹಾಕೋ ಒಂದು ಸಾಲಿತ್ತು. ಅವನು ಗಮನಿಸಲಿಲ್ಲ. ಫೋನ್ ನಂಬರ್ ಇಲ್ಲದ ಗ್ರಾಹಕರ ಮಾರಾಟವೆಲ್ಲ ಲೆಕ್ಕದಿಂದ ಹಾರಿಹೋಗಿತ್ತು. ಇನ್ನೊಂದು, ಮಂಡಿಯ ನಿಜವಾದ ಲೆಕ್ಕ, ರೈತರ ಹೆಸರು, ಬ್ಯಾಂಕ್ ಖಾತೆ ಇವನ್ನು ಯಾವ ಕಾರಣಕ್ಕೂ ಅದಕ್ಕೆ ಹಾಕಬೇಡಿ.

ಕೋಚಿಂಗ್ ಬಗ್ಗೆ. 60,000 ಕೊಟ್ಟು ಇನ್ನೊಂದಷ್ಟು ವಿಡಿಯೋ, ಇನ್ನೊಂದಷ್ಟು ಪಿಪಿಟಿ ತಗೊಳ್ಳೋದು ನಿಮ್ಮ ಕಾಯಿಲೆಗೆ ಮದ್ದಲ್ಲ, ಕಾಯಿಲೆಯನ್ನೇ ಇನ್ನಷ್ಟು ಕೊಂಡ ಹಾಗೆ. ಆದರೂ ಸೇರಲೇಬೇಕು ಅನ್ನಿಸಿದರೆ ಮೂರು ವಿಷಯ ಕೇಳಿ. ವಾರಕ್ಕೆ ಎಷ್ಟು ಗಂಟೆ ನಾನು ಬರೆಯುತ್ತೇನೆ? ನಾನು ಬರೆದದ್ದನ್ನು ಯಾರು ನೋಡುತ್ತಾರೆ? ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಇದೆಯಾ? "ಕೆಲಸ ಗ್ಯಾರಂಟಿ" ಅಂದರೆ ಆ ಕಾಗದದ ಸಣ್ಣ ಅಕ್ಷರ ಓದಿ. ಕಂತಿನಲ್ಲಿ ಕಟ್ಟಿ ಅಂದರೆ ಅದು ಬಹಳ ಸಲ ನಿಮ್ಮ ಹೆಸರಿನಲ್ಲಿ ತೆಗೆಯೋ ಸಾಲ, ಕ್ಲಾಸ್ ಬಿಟ್ಟರೂ ಇ.ಎಂ.ಐ. ಬಿಡಲ್ಲ. ಐ.ಐ.ಟಿ.ಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಪಾಠಗಳು ಪುಕ್ಕಟೆ ಇವೆ. ಡೇಟಾ ಕೆಲಸದವರ ಜಾಲತಾಣ ಕ್ಯಾಗಲ್‌ನಲ್ಲಿ ಪಾಂಡಾಸ್‌ಗೆ ಸಣ್ಣ ಸಣ್ಣ ಅಭ್ಯಾಸಗಳಿವೆ, ಅದೂ ಪುಕ್ಕಟೆ, ಅಲ್ಲಿ ಕೋಡ್ ನೀವೇ ಬರೆದು ನೋಡಬೇಕು. ಎರಡರಲ್ಲಿ ನಿಮಗೆ ನಾನು ಹೇಳೋದು ಕ್ಯಾಗಲ್.

ಫೈನಾನ್ಸ್‌ಗೆ ಬದಲಾಯಿಸೋದು ಕೆಟ್ಟ ಯೋಚನೆ ಅಲ್ಲ. ಸೋತು ಓಡಿದ ಹಾಗೂ ಅಲ್ಲ. ಫೈನಾನ್ಸ್ ನಿಜವಾಗಿ ಇಷ್ಟವಾದರೆ ಹೋಗಿ. ಆದರೆ ಕೋಡ್ ತಪ್ಪುತ್ತೆ ಅಂತ ಹೋದರೆ ನಿರಾಸೆ ಆಗುತ್ತೆ, ಈಗ ಅಲ್ಲೂ ಪೈಥಾನ್ ಬಂದು ಕೂತಿದೆ. ಬದಲಾಯಿಸೋಕೆ ಕಾಲೇಜಿನಲ್ಲಿ ಕೊನೇ ದಿನ ಯಾವತ್ತು, ಫೀಸ್ ಏನಾಗುತ್ತೆ ಅಂತ ಈಗಲೇ ಆಫೀಸಿನಲ್ಲಿ ವಿಚಾರಿಸಿಡಿ. ಮೂರು ವಾರ ನಾನು ಹೇಳಿದ ಹಾಗೆ ಮಾಡಿ ನೋಡಿ. ಹನ್ನೆರಡು ಸಾಲಿನ ಕೋಷ್ಟಕದಲ್ಲಿ ಬಗೆವಾರು ಒಟ್ಟು ಮೊತ್ತವನ್ನು, ಯಾರ ಸಹಾಯವೂ ಇಲ್ಲದೆ, ಬರೀ ಫಾರ್ ಮತ್ತು ಇಫ್ ಬಳಸಿ ತೆಗೆಯೋಕೆ ಬಂದರೆ ಉಳಿಯಿರಿ. ದಿನಾ ಕೂತೂ ಅದು ಬರಲಿಲ್ಲ ಅಂದರೆ, ಅಥವಾ ಬಂದರೂ ಕೂರೋದಕ್ಕೇ ಹಿಂಸೆ ಆಗುತ್ತಿದ್ದರೆ, ಬದಲಾಯಿಸಿ. ಲೆಕ್ಕ ಬಲ್ಲವರಿಗೆ ಕೆಲಸದ ಬರ ಇಲ್ಲ.

ಲ್ಯಾಪ್‌ಟಾಪ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 4 ಜಿಬಿಯಲ್ಲಿ ಈ ಕೋರ್ಸ್ ಮುಗಿಯುತ್ತೆ. ನಿಧಾನ ಅನ್ನಿಸಿದರೆ ಗೂಗಲ್ ಕೋಲ್ಯಾಬ್ ಬಳಸಿ, ಬ್ರೌಸರ್ ಇದ್ದರೆ ಸಾಕು, ಓಡೋದು ಅವರ ಕಂಪ್ಯೂಟರ್‌ನಲ್ಲಿ. ಲ್ಯಾಬ್‌ನಲ್ಲಿ ಇಂಟರ್ನೆಟ್ ಇರಲ್ಲ ಅಂತ ಬರೆದಿದ್ದೀರಿ, ಹಾಗಾಗಿ ವಾರಕ್ಕೆರಡು ದಿನವಾದರೂ ಕಾಲೇಜಿನ ಕಂಪ್ಯೂಟರ್‌ನಲ್ಲೇ ಕೂತು ಮಾಡಿ. ಕೋಲ್ಯಾಬ್‌ಗೆ ಒಗ್ಗಿದ ಕೈಗೆ ಪರೀಕ್ಷೆ ದಿನ ಫೈಲ್ ಎಲ್ಲಿದೆ ಅಂತ ಹುಡುಕೋದರಲ್ಲೇ ಹತ್ತು ನಿಮಿಷ ಹೋಗುತ್ತೆ.

ಮೇಷ್ಟ್ರ ಹತ್ತಿರ ಹೋಗೋಕೆ ಸಂಕೋಚ ಇರಬಹುದು. "ಏನೂ ಅರ್ಥ ಆಗ್ತಿಲ್ಲ ಸರ್" ಅಂದರೆ ಅವರಿಗೂ ಏನು ಹೇಳಬೇಕು ತೋಚಲ್ಲ. ನಿಮ್ಮ ಹನ್ನೆರಡು ಸಾಲಿನ ಕೋಷ್ಟಕ, ಕಾಗದದ ಉತ್ತರ, ಕಂಪ್ಯೂಟರ್ ಕೊಟ್ಟ ಉತ್ತರ, ಈ ಮೂರನ್ನೂ ತಗೊಂಡು ಹೋಗಿ. ಮೂರು ವಾರ ಆದ ಮೇಲೆ ನನಗೂ ಅದನ್ನೇ ಕಳಿಸಿ. ತಾಳೆ ಆಗದೇ ಇದ್ದದ್ದನ್ನೇ ಕಳಿಸಿ.